ಸಂಗೀತ ಶಾಲೆಗೆ ಎಲ್ಲ ಮನೆಯ ಮಕ್ಕಳೂ ಬರಬೇಕು ಅಂದರೆ ಏನು ಮಾಡಬೇಕು?

ನಮಸ್ಕಾರ. ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ತಾಲ್ಲೂಕು ಊರಿನ ಒಂದು ಸಂಗೀತ ಶಾಲೆಗೆ ಹೊಸದಾಗಿ ಕಾರ್ಯದರ್ಶಿ ಆಗಿದ್ದೀರಿ. ಫೀ ಅರ್ಧ ಮಾಡಿದ್ದೀರಿ, ಬಸ್ ಸ್ಟ್ಯಾಂಡಿನ ಹತ್ತಿರ ಬೋರ್ಡ್ ಹಾಕಿಸಿದ್ದೀರಿ. ಆದರೂ ಬರುವವರು ಅದೇ ನಾಲ್ಕು ಓಣಿಯ ಮಕ್ಕಳು. ಏನು ತಪ್ಪಾಗಿದೆ ಅಂತ ಕೇಳಿದ್ದೀರಿ.

ನಾನು ಧಾರವಾಡದ ಕಡೆಯವಳು. ಇಪ್ಪತ್ತಾರು ವರ್ಷದಿಂದ ಹಿಂದೂಸ್ತಾನಿ ಗಾಯನ ಕಲಿಸುತ್ತಿದ್ದೇನೆ. ಮಕ್ಕಳ ಚಿಂತೆಯನ್ನು ಸ್ವಲ್ಪ ಹೊತ್ತು ಬದಿಗಿಡಿ. ನಿಮ್ಮ ಶಾಲೆಯಲ್ಲಿ ಗುರುವಿನ ಜಾಗದಲ್ಲಿ ಯಾರು ಕೂತಿದ್ದಾರೆ, ಕಮಿಟಿಯಲ್ಲಿ ಯಾರಿದ್ದಾರೆ, ಅದನ್ನು ಮೊದಲು ನೋಡಿ. ಮಕ್ಕಳೂ ಅವರ ಅಪ್ಪ ಅಮ್ಮನೂ ಬಾಗಿಲಲ್ಲಿ ನಿಂತು ಮೊದಲು ನೋಡುವುದು ಅದನ್ನೇ.

ನಾನು ಹುಡುಗಿಯಾಗಿದ್ದಾಗ ಕಲಿತ ಕ್ಲಾಸಿನ ಮಾತು ಹೇಳುತ್ತೇನೆ. ಅಲ್ಲಿ ತಂಬೂರಿ ಯಾವಾಗಲೂ ಕಪ್ಪು ಒಂದಕ್ಕೆ, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಸ್ವರಕ್ಕೆ, ಸೇರಿರುತ್ತಿತ್ತು. ಅದು ನಮ್ಮ ಗುರುಗಳ ಕಂಠದ ಶ್ರುತಿ. ಹೆಣ್ಣುಮಕ್ಕಳಿಗೆ ಸಾಮಾನ್ಯವಾಗಿ ಇನ್ನೂ ಮೇಲಿನ ಕಪ್ಪು ನಾಲ್ಕೋ ಐದೋ ಬೇಕಾಗುತ್ತದೆ. ಗುರುಗಳ ಶ್ರುತಿಯಲ್ಲಿ ಕೆಳಗೆ ಹೋದರೆ ನಮಗೆ ದನಿಯೇ ಹೊರಡುತ್ತಿರಲಿಲ್ಲ, ಒಂದು ಸಪ್ತಕ ಮೇಲೆ ಹೋದರೆ ಚೀರಿದಂತೆ ಆಗುತ್ತಿತ್ತು. ನಮ್ಮ ಕಂಠವೇ ಸರಿಯಿಲ್ಲ ಅಂದುಕೊಂಡು ಎಷ್ಟೋ ಹುಡುಗಿಯರು ಬಿಟ್ಟುಹೋದರು. ಒಮ್ಮೆ ಗುರುಗಳಿಗೆ ಹುಷಾರಿಲ್ಲದೆ ಮೂರು ತಿಂಗಳು ಒಬ್ಬ ಬಾಯಾರು, ಅಂದರೆ ಹೆಣ್ಣು ಟೀಚರು, ಪಾಠಕ್ಕೆ ಬಂದರು. ಮೊದಲ ದಿನವೇ ತಂಬೂರಿಯನ್ನು ಕಪ್ಪು ನಾಲ್ಕಕ್ಕೆ ಸೇರಿಸಿದರು. ಅವತ್ತು ನನ್ನ ಷಡ್ಜ, ಅಂದರೆ ‘ಸ’, ಎಲ್ಲಿದೆ ಅಂತ ನನಗೆ ಗೊತ್ತಾಯಿತು. ನಮ್ಮ ಗುರುಗಳು ತುಂಬಾ ಒಳ್ಳೆಯವರು. ಅವರಿಗೆ ಇದು ಹೊಳೆದಿರಲಿಲ್ಲ, ಅಷ್ಟೇ. ಹೇಳುವ ಧೈರ್ಯ ನಮಗೂ ಇರಲಿಲ್ಲ.

ಶಾಲೆ ನಡೆಸುವುದರಲ್ಲೂ ಹೀಗೇ. ಯಾರ ಕೈಯಲ್ಲಿ ತಂಬೂರಿ ಇದೆಯೋ ಅವರ ಶ್ರುತಿಗೆ ಎಲ್ಲರೂ ಹಾಡಬೇಕಾಗುತ್ತದೆ.

ಆಗುತ್ತಾದರೆ ಗದಗಿಗೆ ಒಮ್ಮೆ ಹೋಗಿ ಬನ್ನಿ. ಕಣ್ಣಿಲ್ಲದ ಮಕ್ಕಳಿಗೂ ಬಡ ಮಕ್ಕಳಿಗೂ ಸಂಗೀತ ಕಲಿಸುವ ವೀರೇಶ್ವರ ಪುಣ್ಯಾಶ್ರಮದ ಹೆಸರು ನೀವು ಕೇಳಿಯೇ ಇರುತ್ತೀರಿ. ಅದನ್ನು ಕಟ್ಟಿದ ಪಂಚಾಕ್ಷರ ಗವಾಯಿಗಳು ಹುಟ್ಟಿದ್ದು 1892ರಲ್ಲಿ, ಹಾನಗಲ್ ಕಡೆಯ ಬಡ ಮನೆಯಲ್ಲಿ. ಅವರಿಗೂ ಅವರ ಅಣ್ಣನಿಗೂ ಹುಟ್ಟಿನಿಂದಲೇ ಕಣ್ಣಿರಲಿಲ್ಲ. ಹಾನಗಲ್ ಕುಮಾರಸ್ವಾಮಿಗಳು ಅವರಿಗೆ ಸಂಗೀತ ಕಲಿಸುವ ಏರ್ಪಾಡು ಮಾಡಿದರು. ಪಂಚಾಕ್ಷರ ಗವಾಯಿಗಳು ಕರ್ನಾಟಕ ಸಂಗೀತ, ಹಿಂದೂಸ್ತಾನಿ ಎರಡನ್ನೂ ಕಲಿತರು. ಆಮೇಲೆ ಕುರುಡು ಮಕ್ಕಳನ್ನೂ ಬಡವರ ಮಕ್ಕಳನ್ನೂ ಕಟ್ಟಿಕೊಂಡು ಊರಿಂದ ಊರಿಗೆ ತಿರುಗುತ್ತಾ ಪಾಠ ಮಾಡಿದರು. ಆ ತಿರುಗಾಟದ ಶಾಲೆಯೇ ಕೊನೆಗೆ ಗದಗಿನಲ್ಲಿ ನೆಲೆ ನಿಂತಿತು. ದೊಡ್ಡ ಹಿಂದೂಸ್ತಾನಿ ಗಾಯಕರಾದ ಬಸವರಾಜ ರಾಜಗುರು ಅವರೂ ಇವರ ಶಿಷ್ಯರೇ.

1944ರಲ್ಲಿ ಪಂಚಾಕ್ಷರ ಗವಾಯಿಗಳು ತೀರಿಕೊಂಡರು. ಆಶ್ರಮದ ಹೊಣೆ ಯಾರಿಗೆ ಬಂತು? ಅದೇ ಆಶ್ರಮದಲ್ಲಿ ಬೆಳೆದ ಶಿಷ್ಯ ಪುಟ್ಟರಾಜರಿಗೆ. ಅವರಿಗೂ ಕೂಸಾಗಿದ್ದಾಗಲೇ ಕಣ್ಣು ಹೋಗಿತ್ತು. 2010ರಲ್ಲಿ ತೀರಿಕೊಳ್ಳುವವರೆಗೆ, ಅಂದರೆ ಅರವತ್ತಾರು ವರ್ಷ, ಅವರೇ ನಡೆಸಿದರು. ಹಾಡುವುದು, ಹಾರ್ಮೋನಿಯಂ, ಪಿಟೀಲು, ತಬಲಾ ಎಲ್ಲ ಬರುತ್ತಿತ್ತು. ನಾಟಕ ಬರೆದರು, ಆಶ್ರಮದ ಖರ್ಚಿಗೆ ನಾಟಕ ಕಂಪನಿ ನಡೆಸಿದರು. ಊರೂರಿನಲ್ಲಿ ಭಕ್ತರು ತುಲಾಭಾರ ಮಾಡಿದ ಹಣ ಮಕ್ಕಳ ಊಟಕ್ಕೆ ಹೋಗುತ್ತಿತ್ತು. ಲೆಕ್ಕ, ಅಡುಗೆಮನೆ, ಪಾಠ, ಪರೀಕ್ಷೆ ಎಲ್ಲದರ ತೀರ್ಮಾನ ಕಣ್ಣಿಲ್ಲದ ಒಬ್ಬ ಸಂಗೀತಗಾರರದು. ಇಂದು ದೊಡ್ಡ ಹೆಸರಾದ ಗಾಯಕ ವೆಂಕಟೇಶ ಕುಮಾರ್ ಅವರಿಗೆ ಕಣ್ಣಿದೆ. ಅವರು ಬಡ ಮನೆಯ ಹುಡುಗನಾಗಿ ಬಂದು ಹನ್ನೆರಡು ವರ್ಷ ಅಲ್ಲೇ ಪುಟ್ಟರಾಜ ಅಜ್ಜಾರ ಹತ್ತಿರ ಕಲಿತವರು. ಕಣ್ಣಿದ್ದವರು ಕಣ್ಣಿಲ್ಲದವರ ಕೈಕೆಳಗೆ ಕಲಿತರು. ಅಲ್ಲಿಗೆ ಬರುವ ಕುರುಡು ಮಗುವಿಗೆ ‘ನಾನೂ ಒಂದು ದಿನ ಆ ಜಾಗದಲ್ಲಿ ಕೂರಬಹುದು’ ಅನ್ನುವುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಿರಲಿಲ್ಲ.

ಈಗ ನನ್ನ ಕಣ್ಣ ಮುಂದೆಯೇ ನಡೆದ ಇನ್ನೊಂದು ಮಾತು. ಒಂದು ಶಾಲೆಯಲ್ಲಿ ನಾನು ಪಾಠ ಮಾಡುತ್ತಿದ್ದೆ, ಹೆಸರು ಬೇಡ. ನನ್ನ ಹತ್ತಿರ ಕಣ್ಣಿಲ್ಲದ ಒಬ್ಬ ಹುಡುಗ ಒಂಬತ್ತು ವರ್ಷ ಕಲಿತ. ವಿದ್ವತ್ ಪರೀಕ್ಷೆಯನ್ನೂ ಮುಗಿಸಿದ. ಒಂದು ಬಂದಿಶನ್ನು, ಅಂದರೆ ರಾಗಕ್ಕೆ ಕಟ್ಟಿದ ಹಾಡನ್ನು, ಎರಡು ಸಲ ಕೇಳಿದರೆ ಸಾಕು, ಮೂರನೇ ಸಲ ಅವನೇ ಹೇಳಿಕೊಡುತ್ತಿದ್ದ. ಶಾಲೆಯಲ್ಲಿ ಒಂದು ಜಾಗ ಖಾಲಿಯಾದಾಗ ಅರ್ಜಿ ಹಾಕಿದ. ಕಮಿಟಿಯಲ್ಲಿ ಒಬ್ಬರು ಕೇಳಿದರು, “ಹಾಜರಿ ಪುಸ್ತಕ ಯಾರು ಬರೀತಾರೆ?” ಇನ್ನೊಬ್ಬರು, “ಮಕ್ಕಳು ಗಲಾಟೆ ಮಾಡಿದರೆ ಕಾಣುತ್ತಾ?” ಅಂದರು. ಅಲ್ಲಿಗೆ ಮುಗಿಯಿತು. ಅವನ ಹಾಡಿನ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ. ವರ್ಷಕ್ಕೊಮ್ಮೆ ಅವನನ್ನು ವೇದಿಕೆಗೆ ಕರೆದು ಶಾಲು ಹೊದಿಸುತ್ತಿದ್ದವರೂ ಅವರೇ. ನಾನೂ ಆ ಸಭೆಯಲ್ಲಿದ್ದೆ. ಜೋರಾಗಿ ಮಾತಾಡಬೇಕಿತ್ತು, ಆಡಲಿಲ್ಲ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಅವನು ಈಗ ತನ್ನ ಮನೆಯ ಪಡಸಾಲೆಯಲ್ಲೇ ಪಾಠ ಮಾಡುತ್ತಾನೆ. ಹಾಜರಿಯನ್ನು ದಿನಕ್ಕೊಬ್ಬ ಮಗು ಬರೆಯುತ್ತದೆ.

ಹೆಣ್ಣುಮಕ್ಕಳ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಕಲಿಯುವವರಲ್ಲಿ ಹೆಣ್ಣುಮಕ್ಕಳೇ ಜಾಸ್ತಿ, ಅಲ್ವಾ? ಆದರೆ ಅಧ್ಯಕ್ಷರು, ಪರೀಕ್ಷಕರು, ಸಂಗೀತ ಕಛೇರಿ ಗೊತ್ತುಮಾಡುವವರು? ಹುಬ್ಬಳ್ಳಿಯ ಗಂಗಜ್ಜಿ, ಅಂದರೆ ಗಾಯಕಿ ಗಂಗೂಬಾಯಿ ಹಾನಗಲ್, ಇದನ್ನು ನೇರವಾಗಿಯೇ ಹೇಳಿದ್ದರು. ಗಂಡಸು ಹಾಡಿದರೆ ಪಂಡಿತನೋ ಉಸ್ತಾದನೋ ಆಗುತ್ತಾನೆ, ಹೆಂಗಸು ಎಷ್ಟು ದೊಡ್ಡ ಗಾಯಕಿಯಾದರೂ ಹೆಸರಿನ ಕೊನೆಯ ಬರೀ ‘ಬಾಯಿ’ಯಾಗಿಯೇ ಉಳಿಯುತ್ತಾಳೆ ಅನ್ನುವುದು ಅವರ ಮಾತಿನ ಅರ್ಥ. ಈಗ ಮೈಸೂರಿನ ಸಂಗೀತ ವಿಶ್ವವಿದ್ಯಾಲಯಕ್ಕೆ ಅವರದೇ ಹೆಸರಿದೆ. ನನಗೆ ಅದು ತುಂಬಾ ಖುಷಿಯ ಸಂಗತಿ.

ಬೆಂಗಳೂರು ನಾಗರತ್ನಮ್ಮ ಅವರದು ಇನ್ನೂ ದೊಡ್ಡ ಕಥೆ. 1878ರಲ್ಲಿ ನಂಜನಗೂಡಿನಲ್ಲಿ, ದೇವದಾಸಿ ಮನೆತನದಲ್ಲಿ ಹುಟ್ಟಿದ ಗಾಯಕಿ. ತಮಿಳುನಾಡಿನ ತಿರುವಯ್ಯಾರಿನಲ್ಲಿ ಪಾಳುಬಿದ್ದಿದ್ದ ತ್ಯಾಗರಾಜರ ಸಮಾಧಿಗೆ ತಮ್ಮ ದುಡಿಮೆಯ ಹಣ ಹಾಕಿ ಗುಡಿ ಕಟ್ಟಿಸಿದರು. ಅಲ್ಲಿ ವರ್ಷ ವರ್ಷ ನಡೆಯುವ ತ್ಯಾಗರಾಜರ ಆರಾಧನೆಯಲ್ಲಿ ಹೆಂಗಸರು ಹಾಡುವ ಹಾಗಿರಲಿಲ್ಲ. ಅವರು ಹೆಂಗಸರನ್ನೇ ಸೇರಿಸಿ ಬೇರೆ ಆರಾಧನೆ ನಡೆಸಿದರು. 1940ರ ಹೊತ್ತಿಗೆ ಬೇರೆಬೇರೆ ಗುಂಪುಗಳು ಒಂದಾದವು, ಹೆಂಗಸರಿಗೂ ಅಲ್ಲಿ ಹಾಡುವ ಅವಕಾಶ ಸಿಕ್ಕಿತು. ಗುಡಿ ಕಟ್ಟಿಸಿದ್ದು ಅವರ ದುಡ್ಡು, ಆದ್ದರಿಂದ ಅವರ ಮಾತನ್ನು ತಳ್ಳಿಹಾಕಲು ಆಗಲಿಲ್ಲ ಅಂತ ನನಗೆ ಅನ್ನಿಸುತ್ತದೆ. ಬೆಂಗಳೂರಿನಲ್ಲೇ ಇರುವ ಸುಕನ್ಯಾ ರಾಮಗೋಪಾಲ್ ಘಟ ನುಡಿಸುತ್ತಾರೆ. ಹೆಂಗಸಿನ ಜತೆ ನುಡಿಸಲು ಒಪ್ಪದ ಗಂಡಸರಿದ್ದ ಕಾಲದಲ್ಲಿ ಅವರು ಹೆಂಗಸರದೇ ಒಂದು ತಾಳವಾದ್ಯ ತಂಡ ಕಟ್ಟಿದರು. ನಿಮ್ಮ ಶಾಲೆಯಲ್ಲಿ ತಬಲಾ ಕಲಿಯುವ ಹುಡುಗಿಯರು ಎಷ್ಟು ಜನ? ಒಮ್ಮೆ ಎಣಿಸಿ.

ಇನ್ನು ನಿಮ್ಮ ಕೈಯಲ್ಲಿ ಆಗುವ ಕೆಲಸ. ಕಮಿಟಿಯಲ್ಲಿ ಎರಡು ಜಾಗ ಖಾಲಿ ಇವೆ ಅಂತ ಬರೆದಿದ್ದೀರಿ. ದಯವಿಟ್ಟು ಅವನ್ನು ದಾನಿಗಳಿಗೆ ಕೊಡಬೇಡಿ. ಒಂದು ಜಾಗ ಶಾಲೆಯಲ್ಲೇ ಕಲಿತು ಈಗ ಮನೆಪಾಠ ಮಾಡುತ್ತಿರುವ ಹೆಣ್ಣುಮಗಳಿಗೆ ಕೊಡಿ. ಸುಮ್ನೆ ಹೆಸರಿಗೆ ಬೇಡ. ಖರ್ಚಿನ ಚೆಕ್ಕಿಗೆ ಸಹಿ ಮಾಡುವವರಲ್ಲಿ ಅವರೂ ಒಬ್ಬರಾಗಿರಲಿ.

ಫೀ ರಿಯಾಯಿತಿಗೆ ಆದಾಯ ಪತ್ರ ಕೇಳಿ, ಎಲ್ಲರೆದುರು ಹೆಸರು ಓದುತ್ತಿದ್ದರೆ ಇವತ್ತೇ ನಿಲ್ಲಿಸಿ. ಆ ನಾಚಿಕೆಗೇ ಮಕ್ಕಳು ಬಿಡುತ್ತಾರೆ. ಇನ್ನೊಂದು, ಎಷ್ಟೋ ಮನೆಗಳಲ್ಲಿ ರಿಯಾಜಿಗೆ, ಅಂದರೆ ದಿನದ ಅಭ್ಯಾಸಕ್ಕೆ, ಜಾಗವೇ ಇರುವುದಿಲ್ಲ. ಒಂದೇ ಕೋಣೆ, ಅಲ್ಲೇ ಅಡುಗೆ, ಅಲ್ಲೇ ಮಲಗುವುದು, ಪಕ್ಕದಲ್ಲಿ ಟೀವಿ. ಬೆಳಿಗ್ಗೆ ಆರರಿಂದ ಎಂಟರವರೆಗೆ ಶಾಲೆಯ ಬಾಗಿಲು ತೆರೆದಿಡಿ. ಒಂದು ಚಾಪೆ, ಒಂದು ಹಾರ್ಮೋನಿಯಂ, ಶ್ರುತಿ ಪೆಟ್ಟಿಗೆ ಸಾಕು. ನನ್ನ ಅನುಭವದಲ್ಲಿ ಫೀ ಕಡಿಮೆ ಮಾಡಿದ್ದಕ್ಕಿಂತ ಇದರಿಂದ ಹೆಚ್ಚು ಮಕ್ಕಳು ಉಳಿದರು. ಸಂಜೆ ಕ್ಲಾಸು ಮುಗಿಯುವ ಹೊತ್ತಿಗೆ ಹಳ್ಳಿಗೆ ಹೋಗುವ ಕೊನೆಯ ಬಸ್ಸು ಇರುತ್ತದಾ ಅಂತಲೂ ನೋಡಿ.

ಕಮಿಟಿಯ ಎರಡನೇ ಜಾಗ? ನಿಮ್ಮ ಊರಿನಲ್ಲಿ ಮದುವೆಗೆ, ಜಾತ್ರೆಗೆ ಸನಾದಿ ನುಡಿಸುವ ಭಜಂತ್ರಿ ಮನೆಗಳು ಇದ್ದೇ ಇರುತ್ತವೆ. ತಲೆಮಾರುಗಳಿಂದ ಸಂಗೀತ ಕಾಪಾಡಿಕೊಂಡು ಬಂದವರು ಅವರು. ಭೂಪ್, ಭೀಮಪಲಾಸದಂಥ ರಾಗ ಹಿಡಿದು ಗಂಟೆಗಟ್ಟಲೆ ನುಡಿಸಬಲ್ಲರು. ಆದರೆ ಸಂಗೀತ ಶಾಲೆಯ ವಾರ್ಷಿಕೋತ್ಸವದಲ್ಲಿ ಅವರ ಜಾಗ ಹೊರಬಾಗಿಲ ಹತ್ತಿರ, ಅತಿಥಿಗಳು ಬರುವಾಗ ನುಡಿಸಲು. ಅವರಲ್ಲಿ ಹಿರಿಯರೊಬ್ಬರ ಮನೆಗೆ ನೀವೇ ಹೋಗಿ. ಫೋನ್ ಮಾಡಿ ಕರೆಸಬೇಡಿ. ಅವರು ಕೊಟ್ಟ ಚಹಾ ಕುಡಿದು, ವಾರಕ್ಕೆ ಎರಡು ದಿನ ಪಾಠ ಮಾಡುತ್ತೀರಾ, ಕಮಿಟಿಯಲ್ಲಿ ಕೂರುತ್ತೀರಾ ಅಂತ ಕೇಳಿ. ಗಾಯನದ ಮೇಷ್ಟ್ರಿಗೆ ಕೊಡುವಷ್ಟೇ ಸಂಬಳ ಅಂತ ಅಲ್ಲೇ ಹೇಳಿ. ಅವರ ಮೊಮ್ಮಕ್ಕಳು ಅಲ್ಲೇ ಎಲ್ಲೋ ಆಡುತ್ತಿರುತ್ತವೆ, ನಿಮ್ಮ ಮಾತು ಅವರ ಕಿವಿಗೂ ಬೀಳಲಿ.