ಮೈಕ್ ಕೊಡುವ ಹೊಣೆ ಯಾರದು?

ಸಾಧನ ಕೊಡಿಸಿದ್ದೇವೆ, ಮಗು ಬಳಸುತ್ತಿಲ್ಲ ಎಂಬುದು ಅಂಗವೈಕಲ್ಯವುಳ್ಳ ಮಕ್ಕಳ ಪೋಷಕರಿಂದ ನಾನು ಮೇಲಿಂದ ಮೇಲೆ ಕೇಳುವ ದೂರು. ಕಾರಣವನ್ನೂ ಅವರೇ ತೀರ್ಮಾನಿಸಿಕೊಂಡು ಬಂದಿರುತ್ತಾರೆ: ಸಂಕೋಚ, ಹಟ, ಇಲ್ಲವೇ ವಯಸ್ಸು. ಇಲ್ಲಿ ನಾನು ಹೇಳಹೊರಟಿರುವ ಹದಿನಾಲ್ಕರ ಹುಡುಗಿಯ ತಾಯಿ ಮೂರನ್ನೂ ಒಟ್ಟಿಗೆ ಹೇಳಿದರು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿ, ಇಬ್ಬರ ಒಪ್ಪಿಗೆಯನ್ನೂ ಪಡೆದು ಇದನ್ನು ಬರೆಯುತ್ತಿದ್ದೇನೆ.

ಹುಡುಗಿ ಚಿಕ್ಕಂದಿನಿಂದ ಎರಡೂ ಕಿವಿಗೆ ಶ್ರವಣಯಂತ್ರ ಧರಿಸುತ್ತಾಳೆ. ಮೇಲಿನ ತರಗತಿಗೆ ಬಂದ ಮೇಲೆ ಪಾಠ ತಪ್ಪಿಹೋಗುತ್ತಿದೆ ಎಂದು ಶ್ರವಣತಜ್ಞರು ರಿಮೋಟ್ ಮೈಕ್ ಸೂಚಿಸಿದರು. ಶಿಕ್ಷಕರು ಅದನ್ನು ಕೊರಳಿಗೆ ಹಾಕಿಕೊಂಡರೆ ಅವರ ದನಿ ನಿಸ್ತಂತುವಾಗಿ ನೇರ ಶ್ರವಣಯಂತ್ರವನ್ನು ಸೇರುತ್ತದೆ. ಕೆಲವು ತಿಂಗಳು ಎಲ್ಲವೂ ಸರಿಯಿತ್ತು. ಆಮೇಲೆ ಮೈಕ್ ಚೀಲದಿಂದ ಹೊರಗೆ ಬರುವುದೇ ನಿಂತಿತು. ಕೆಟ್ಟಿರಬಹುದೆಂದು ರಿಪೇರಿಗೆ ಕಳುಹಿಸಿದರೆ ದೋಷವೇನೂ ಇಲ್ಲವೆಂದು ಮರಳಿ ಬಂತು.

ಶ್ರವಣಯಂತ್ರವಿರುವಾಗ ಇನ್ನೊಂದು ಮೈಕ್ ಏಕೆ ಎಂದು ಶಿಕ್ಷಕರು ಕೇಳುವುದು ಸಹಜ. ಶ್ರವಣಯಂತ್ರವು ಹತ್ತಿರದ ಮಾತಿಗೆ ಚೆನ್ನಾಗಿ ಒದಗುತ್ತದೆ, ಆದರೆ ಬೆಂಚು ಎಳೆದ ಸದ್ದು, ಫ್ಯಾನಿನ ಸದ್ದು, ಪಕ್ಕದವರ ಪಿಸುಮಾತು ಎಲ್ಲವೂ ಅದರೊಳಗೆ ಹಿಗ್ಗಿ ಬರುತ್ತವೆ. ತೆರೆದ ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ ದನಿಯ ಮಟ್ಟ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಕೋಣೆಯಲ್ಲಿ ಇಳಿಕೆ ಕಡಿಮೆಯಾದರೂ ಗೋಡೆಗಳ ಪ್ರತಿಧ್ವನಿ ಸೇರಿಕೊಂಡು ಅಕ್ಷರಗಳನ್ನು ಕಲಸಿಬಿಡುತ್ತದೆ. ಕೇಳಿಸಿಕೊಳ್ಳಲು ಕಷ್ಟಪಡುವ ಮಗುವಿಗೆ ಶಿಕ್ಷಕರ ದನಿ ಗದ್ದಲಕ್ಕಿಂತ ಸುಮಾರು 15 ಡೆಸಿಬೆಲ್ ಮೇಲಿರಬೇಕೆಂದು ಶ್ರವಣತಜ್ಞರು ಹೇಳುತ್ತಾರೆ. ಶ್ರವಣಯಂತ್ರವೊಂದರಿಂದಲೇ ಅದು ಸಾಧ್ಯವಾಗುವುದಿಲ್ಲ. ಮೈಕ್ ಬಾಯಿಯ ಸಮೀಪ ಇರಬೇಕಾದದ್ದು ಈ ಕಾರಣಕ್ಕೆ.

ಮೊದಲ ಭೇಟಿಗಳಲ್ಲಿ ಹುಡುಗಿ "ಬೇಡ ಅನಿಸಿತು" ಎನ್ನುವುದರ ಆಚೆಗೆ ಏನನ್ನೂ ಹೇಳಲಿಲ್ಲ. ಒಂದು ದಿನ ತಾಯಿಯನ್ನು ಹೊರಗೆ ಕೂರಿಸಿ, ಮೈಕ್ ತರಲು ಹೇಳಿ, "ಏಕೆ ಬಳಸುತ್ತಿಲ್ಲ" ಎಂಬ ಪ್ರಶ್ನೆಯನ್ನು ಬದಿಗಿಟ್ಟು, ಶಾಲೆಯಲ್ಲಿ ಅದನ್ನು ಹೇಗೆ ಬಳಸುತ್ತಿದ್ದೆ ಎಂದು ಮೊದಲಿನಿಂದ ತೋರಿಸಲು ಕೇಳಿದೆ. ಅವಳು ಎದ್ದು ನಿಂತು ತೋರಿಸಿದಳು. ಪ್ರತಿ ಪೀರಿಯಡ್ ಶುರುವಾದಾಗ ಎಲ್ಲರೂ ಕೂತಿರುವಾಗ ತಾನು ಮೇಜಿನ ಬಳಿ ಹೋಗಿ ಕೊಡಬೇಕು, ಮುಗಿದಾಗ ಮರಳಿ ಕೇಳಿ ಪಡೆಯಬೇಕು, ಅವರು ಮರೆತು ಹಾಕಿಕೊಂಡೇ ಹೊರಟರೆ ಹಿಂದೆ ಓಡಬೇಕು. ಇಷ್ಟು ಹೇಳಿ ಮೈಕಿನ ಗುಂಡಿಯನ್ನು ಒತ್ತಿದಳು. ಹಸಿರು ದೀಪ ಕೆಂಪಾಯಿತು.

"ಇದು ಮ್ಯೂಟ್. ಇದನ್ನು ಒತ್ತದೆ ಹೋದರೆ ನನಗೆ ಕೇಳಿಸುತ್ತಲೇ ಇರುತ್ತೆ ಮೇಡಂ."

"ಏನು ಕೇಳಿಸಿತು?" ಎಂದೆ.

ಬಹಳ ಹೊತ್ತಿನ ಮೇಲೆ ಹೇಳಿದಳು. ಶಿಕ್ಷಕಿಯೊಬ್ಬರು ಮೈಕ್ ಧರಿಸಿಯೇ ಸ್ಟಾಫ್ ರೂಮಿಗೆ ಹೋಗಿದ್ದರು. "'ಅವಳೊಬ್ಬಳಿಗೋಸ್ಕರ ಇದನ್ನ ಕುತ್ತಿಗೆಗೆ ಕಟ್ಟಿಕೊಂಡು ತಿರುಗಬೇಕು' ಅಂದರು. ಯಾರೋ ನಕ್ಕಿದ್ದೂ ಕೇಳಿಸಿತು." ನಾನು ಸುಮ್ಮನಿದ್ದೆ. ಅವಳೇ ಮುಂದುವರಿಸಿದಳು: "ನಾನು ಶ್ರವಣಯಂತ್ರ ತೆಗೆದುಬಿಡಬಹುದಿತ್ತು. ತೆಗೆಯಲಿಲ್ಲ. ಕದ್ದು ಕೇಳಿದ ಹಾಗೆ ಆಯಿತಲ್ಲ, ಯಾರಿಗೆ ಹೇಳಲಿ?"

ಮನೆಯವರು ಸಂಕೋಚವೆಂದು ಕರೆದದ್ದರ ಒಳಗೆ ಇದ್ದದ್ದು ಇದು. ಅವಮಾನ ಅರ್ಧ, ಅಪರಾಧಿಭಾವ ಅರ್ಧ. ಅದಾದ ಮೇಲೆ ಮೈಕ್ ಕೊಡಲು ಮೇಜಿನ ಬಳಿಗೆ ನಡೆಯುವ ಪ್ರತಿಯೊಂದು ಸಲವೂ ಅವಳಿಗೆ ಬೇಡಲು ಹೋದಂತಾಗುತ್ತಿತ್ತು.

ಶಿಕ್ಷಕಿ ಕೆಟ್ಟ ಮನಸ್ಸಿನಿಂದ ಹೇಳಿರಲಿಕ್ಕಿಲ್ಲ ಎಂದು ಸಮಾಧಾನ ಮಾಡುವುದು ಸುಲಭವಿತ್ತು, ಬಹುಶಃ ಅದು ನಿಜವೂ ಆಗಿತ್ತು. ಆದರೆ ಹಾಗೆ ಹೇಳಿದರೆ ನಾನೂ ಸ್ಟಾಫ್ ರೂಮಿನ ಪಕ್ಷವೆಂದೇ ಅವಳು ತಿಳಿಯುತ್ತಿದ್ದಳು. ನಾನು ಹೇಳಿದ್ದು ಇಷ್ಟೇ: ಮ್ಯೂಟ್ ಮಾಡುವುದು ಮೈಕ್ ಧರಿಸಿದವರ ಕೆಲಸ, ಅದು ತಪ್ಪಿದಾಗ ಕಿವಿಗೆ ಬಿದ್ದದ್ದು ಕದ್ದು ಕೇಳಿದ್ದಾಗುವುದಿಲ್ಲ.

ನಡೆದದ್ದನ್ನು ಶಾಲೆಗೆ ತಿಳಿಸಬಾರದೆಂಬುದು ಅವಳ ಷರತ್ತು. ನಾನು ಅದನ್ನು ಪಾಲಿಸಿದೆ. ಶಿಕ್ಷಕಿಗೆ ತಿದ್ದಿಕೊಳ್ಳುವ ಅವಕಾಶ ತಪ್ಪಿತೆಂದು ಸಹೋದ್ಯೋಗಿಗಳು ಆಕ್ಷೇಪಿಸಿದ್ದಾರೆ. ಆ ಮಾತಿನಲ್ಲಿ ಹುರುಳಿದೆ. ಆದರೆ ಮಗುವಿನ ಸುರಕ್ಷತೆಗೆ ಅಪಾಯವಿಲ್ಲದಿರುವಾಗ, ನಂಬಿ ಹೇಳಿದ ಮಾತನ್ನು ದೊಡ್ಡವರೊಬ್ಬರ ಶಿಕ್ಷಣಕ್ಕಾಗಿ ಬಳಸಿಕೊಳ್ಳುವ ಅಧಿಕಾರ ನನಗಿದೆಯೆಂದು ನಾನು ಒಪ್ಪುವುದಿಲ್ಲ. ಅದೂ ಅಲ್ಲದೆ, ಆ ಒಬ್ಬರ ಹೆಸರು ಹೇಳದೆಯೇ ಎಲ್ಲರ ಅಭ್ಯಾಸವನ್ನು ಬದಲಿಸಲು ಸಾಧ್ಯವಿತ್ತು.

ಶಾಲೆಗೆ ಕೊಟ್ಟ ಸಲಹೆಯಲ್ಲಿ ಮುಖ್ಯವಾದದ್ದು, ಮೈಕನ್ನು ಒಬ್ಬ ಶಿಕ್ಷಕರಿಂದ ಇನ್ನೊಬ್ಬರಿಗೆ ದಾಟಿಸುವ ಹೊಣೆ ವಿದ್ಯಾರ್ಥಿನಿಯದಾಗಬಾರದು ಎಂಬುದು. ಅದು ತರಗತಿಯ ಮೇಜಿನ ಮೇಲೇ ಇರಲಿ, ಒಳಗೆ ಬಂದವರು ಹಾಜರಿ ಪುಸ್ತಕದೊಂದಿಗೆ ಅದನ್ನೂ ಎತ್ತಿಕೊಳ್ಳಲಿ, ಬಾಗಿಲು ದಾಟುವ ಮುನ್ನ ಕಳಚಿಡಲಿ. ಬಾಯಿಂದ ಸುಮಾರು 15 ಸೆಂಟಿಮೀಟರ್ ಕೆಳಗೆ, ಕೊರಳ ಸರಕ್ಕೆ ತಾಗದಂತೆ ಅದು ತೂಗಬೇಕು. ತಾಗಿದರೆ ಮಗುವಿನ ಕಿವಿಯಲ್ಲಿ ದಿನವಿಡೀ ಪರಪರ ಸದ್ದು. ಸಹಪಾಠಿಗಳು ಉತ್ತರ ಹೇಳುವಾಗ ಮೈಕ್ ಅವರ ಕೈಗೂ ಹೋಗಲಿ, ಇಲ್ಲವೇ ಶಿಕ್ಷಕರು ಉತ್ತರವನ್ನು ಪುನರುಚ್ಚರಿಸಲಿ ಎಂದೂ ಸೇರಿಸಿದೆ. ಇದನ್ನು ಉಪಕಾರವೆಂದು ತಿಳಿದವರಿಗೆ, ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 24ನೆಯ ವಿಧಿಯನ್ನು ತೋರಿಸಿದೆ. ಶಿಕ್ಷಣದಲ್ಲಿ ವ್ಯಕ್ತಿಯ ಅಗತ್ಯಕ್ಕೆ ತಕ್ಕ ಅನುಕೂಲ ಕಲ್ಪಿಸುವುದು ಅಲ್ಲಿ ಕರ್ತವ್ಯ.

ತಾಯಿಗೆ ಕೊಟ್ಟ ಸಲಹೆಯೇ ಕಠಿಣವಾಗಿತ್ತು. "ಇವತ್ತು ಹಾಕಿಸಿಕೊಂಡೆಯಾ?" ಎಂದು ಸಂಜೆ ವಿಚಾರಿಸುವುದನ್ನು ನಿಲ್ಲಿಸಿ, ಯಾವ ಪಾಠಕ್ಕೆ ಮೈಕ್ ಬೇಕೆಂಬುದನ್ನು ಮಗಳೇ ತೀರ್ಮಾನಿಸಲಿ ಎಂದೆ. "ಅಷ್ಟು ದುಡ್ಡು ಕೊಟ್ಟು ತಂದಿದ್ದೇವಲ್ಲ ಮೇಡಂ" ಎಂದರು. ಫಿಲಿಪ್ಸ್ ಮತ್ತು ಝಾವೊ 1993ರಲ್ಲಿ ಪ್ರಕಟಿಸಿದ ಅಮೆರಿಕದ ಸಮೀಕ್ಷೆಯೊಂದು ಆಗ ನೆರವಿಗೆ ಬಂತು. ಅಂಗವೈಕಲ್ಯವುಳ್ಳ 227 ವಯಸ್ಕರನ್ನು ಕೇಳಿ ನಡೆಸಿದ ಆ ಅಧ್ಯಯನದಲ್ಲಿ ಅವರ ನೆರವಿನ ಸಾಧನಗಳಲ್ಲಿ ಶೇಕಡಾ 29.3ರಷ್ಟು ಮೂಲೆ ಸೇರಿದ್ದವು. ಆಯ್ಕೆಯ ಹೊತ್ತಿಗೆ ಬಳಸುವವರ ಅಭಿಪ್ರಾಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದದ್ದು ಅದರ ಕಾರಣಗಳಲ್ಲೊಂದು. ಈ ಮನೆಯಲ್ಲೂ ಸಾಧನ ಬರುವ ಮೊದಲು ಶ್ರವಣತಜ್ಞರನ್ನು ಕೇಳಿದ್ದರು, ಶಾಲೆಯನ್ನು ಕೇಳಿದ್ದರು, ಮಗಳನ್ನು ಮಾತ್ರ ಕೇಳಿರಲಿಲ್ಲ.

ಈಗ ಹುಡುಗಿ ವಿಜ್ಞಾನ, ಸಮಾಜ ಮತ್ತು ಭಾಷೆಯ ಪಾಠಗಳಿಗೆ ಮೈಕ್ ಬಳಸುತ್ತಾಳೆ. ಗಣಿತಕ್ಕೆ ಬೇಡವಂತೆ, ಎಲ್ಲವೂ ಬೋರ್ಡಿನ ಮೇಲೆ ಇರುತ್ತದೆ ಎನ್ನುತ್ತಾಳೆ. ತಾಯಿಗೆ ಅದು ಇನ್ನೂ ಒಪ್ಪಿಗೆಯಾಗಿಲ್ಲ, ಗಣಿತಕ್ಕೂ ಒಪ್ಪಿಸಿ ಎಂದು ನನ್ನನ್ನು ಕೇಳುತ್ತಲೇ ಇದ್ದಾರೆ. ನಾನು ಒಪ್ಪಿಸಲು ಹೋಗಿಲ್ಲ.