ಕೇಳಿ, ಹೇಳ್ತೀನಿ: ಟಿವಿಯಲ್ಲಿ ಬ್ಯಾಡಗಿ ಕೆಂಪು ಯಾಕೆ ಮಂಕು?

ಪ್ರಶ್ನೆ: ಮೆಣಸಿನಕಾಯಿ ಒಣಗಲು ಹಾಕಿದಾಗ ಮಗ ಐಫೋನ್ 13ರಲ್ಲಿ 4ಕೆ ಎಚ್‌ಡಿಆರ್ (ಬೆಳಕು, ಬಣ್ಣ ಹೆಚ್ಚು ತೋರಿಸುವ ಬಗೆ) ವಿಡಿಯೊ ತೆಗೆದಿದ್ದಾನೆ. ಫೋನಿನಲ್ಲಿ ಕೆಂಪು ಕಣ್ಣಿಗೆ ಹೊಡೆಯುತ್ತದೆ. ಮನೆಯ ಹಳೆ ಕಂಪ್ಯೂಟರಿಗೆ (ಇಂಟೆಲ್ ಐ5, 4ನೇ ತಲೆಮಾರು) ಜೆಲ್ಲಿಫಿನ್ (ಕಂಪ್ಯೂಟರಿನ ವಿಡಿಯೊಗಳನ್ನು ಟಿವಿಗೆ ಕಳಿಸುವ ತಂತ್ರಾಂಶ) ಹಾಕಿ, ಟಿವಿಯ ಬ್ರೌಸರಿನಲ್ಲಿ ನೋಡುತ್ತೇವೆ. ಅಲ್ಲಿ ಕಾಯಿ ಇಟ್ಟಿಗೆ ಬಣ್ಣ. ಜೊತೆಗೆ ತಡೆದು ತಡೆದು ಓಡುತ್ತದೆ. ಟಿವಿ ಬದಲಿಸಿ ಅಂತಾರೆ ಅಂಗಡಿಯವರು. ಏನು ಮಾಡಲಿ?
– ಓದುಗರು, ಬ್ಯಾಡಗಿ

ಉತ್ತರ: ದುಡ್ಡು ಜೇಬಿನಲ್ಲೇ ಇರಲಿ ಯಜಮಾನರೇ. ಬ್ಯಾಡಗಿ ಕಾಯಿ ಹೆಸರಾಗಿದ್ದೇ ಬಣ್ಣಕ್ಕೆ, ಖಾರಕ್ಕಲ್ಲ. ಅದು ಮಂಕಾಗಿ ಕಂಡರೆ ಬ್ಯಾಡಗಿಯವರಿಗೆ ಹೊಟ್ಟೆ ಉರಿಯೋದು ಸಹಜ.

ಬಣ್ಣ ಮಂಕು, ಓಟವೂ ತಡೆತಡೆ. ಎರಡೂ ಒಟ್ಟಿಗೆ ಬಂದರೆ ನಾನು ಮೊದಲು ನೋಡೋದು ಸರ್ವರನ್ನು, ಅಂದರೆ ಜೆಲ್ಲಿಫಿನ್ ಹಾಕಿದ ಆ ಕಂಪ್ಯೂಟರನ್ನು. ಫೈಲನ್ನು ಇದ್ದ ಹಾಗೆ ಕಳಿಸುವ ಬದಲು ಅದು ಬೇರೆ ರೂಪಕ್ಕೆ ತಿರುಗಿಸಿ ಕಳಿಸುತ್ತಿದೆ. ಇದೇ ಟ್ರಾನ್ಸ್‌ಕೋಡಿಂಗ್. ನಿಮ್ಮ ಐ5ನಲ್ಲಿ 10 ಬಿಟ್‌ನ (ಬಣ್ಣದ ಮೆಟ್ಟಿಲು ಹೆಚ್ಚಿರುವ) ಎಚ್‌ಇವಿಸಿ ವಿಡಿಯೊ, ಅಂದರೆ ಐಫೋನ್ ಹಿಂಡಿಟ್ಟ ಬಗೆಯ ವಿಡಿಯೊ, ಬಿಚ್ಚುವ ಪ್ರತ್ಯೇಕ ವ್ಯವಸ್ಥೆ ಇಲ್ಲ. ಇಂಟೆಲ್‌ನಲ್ಲಿ ಅದು ಸರಿಯಾಗಿ ಬಂದಿದ್ದು 7ನೇ ತಲೆಮಾರಿನಿಂದ. ಹಾಗಾಗಿ ಪ್ರೊಸೆಸರ್ ಒಂದೇ ಎಲ್ಲ ಭಾರ ಹೊತ್ತು ಏದುಸಿರು ಬಿಡುತ್ತದೆ.

ಇನ್ನು ಬಣ್ಣದ ಕಥೆ. ಐಫೋನ್ 12ರಿಂದ ಈಚೆಗೆ ಆ ಫೋನುಗಳು ಎಚ್‌ಡಿಆರ್ ವಿಡಿಯೊವನ್ನು ಡಾಲ್ಬಿ ವಿಷನ್ ಎಂಬ ಎಚ್‌ಡಿಆರ್ ಬಗೆಯಲ್ಲಿ ತೆಗೆಯುತ್ತವೆ. ಅದರ ತಳಪಾಯ ಎಚ್‌ಎಲ್‌ಜಿ ಎಂಬ ಇನ್ನೊಂದು ಎಚ್‌ಡಿಆರ್ ಪದ್ಧತಿ. ಇದನ್ನು ಮಾಡಿದವರು ಬ್ರಿಟನ್ನಿನ ಬಿಬಿಸಿ ಮತ್ತು ಜಪಾನಿನ ಎನ್‌ಎಚ್‌ಕೆ. ಹಳೆ ಟಿವಿಯಲ್ಲೂ ಬೆಳಕು ತಕ್ಕಮಟ್ಟಿಗೆ ಸರಿ ಕಾಣಲಿ ಎಂದೇ ಅದನ್ನು ರೂಪಿಸಿದ್ದು. ಆದರೆ ಬಣ್ಣದ ಅಂಕಿಗಳು ಬಿಟಿ 2020 ಎಂಬ ಅಗಲವಾದ ಅಳತೆಯಲ್ಲಿರುತ್ತವೆ. ಸರ್ವರ್ ತಿರುಗಿಸುವಾಗ ಅಳತೆ ಬದಲಿಸದೆ ಬಿಟ್ಟು, ಅವನ್ನು ಹಳೆಯ ಬಿಟಿ 709 ಅಳತೆಯಲ್ಲಿ ಓದಿದರೆ ಬಣ್ಣಗಳೆಲ್ಲ ಒಣಗಿ ಹೋಗುತ್ತವೆ. ಗಾಢ ಬಣ್ಣಕ್ಕೆ ಏಟು ಜಾಸ್ತಿ. ಗೋಡೆ, ಬಿಳಿ ಅಂಗಿ ಪರವಾಗಿಲ್ಲ ಅನ್ನಿಸಿ, ಕಾಯಿಯ ರಾಶಿ ಮಾತ್ರ ಸಪ್ಪೆಯಾಗೋದು ಇದಕ್ಕೇ.

ಮೊದಲು ಟಿವಿಯನ್ನು ಪರೀಕ್ಷಿಸಿ. ಅದೇ ಫೈಲನ್ನು ಪೆನ್ ಡ್ರೈವಿಗೆ ಹಾಕಿ ನೇರವಾಗಿ ಟಿವಿಗೆ ಚುಚ್ಚಿ. ವಾಟ್ಸಾಪಿನಲ್ಲಿ ಬಂದ ಪ್ರತಿ ಬೇಡ, ಅದು ಆಗಲೇ ಹಿಂಡಿದ್ದು. ಫೋನಿನಿಂದ ಕಂಪ್ಯೂಟರಿಗೆ ಕಳಿಸುವ ಮೊದಲು ಫೋನಿನ ಫೋಟೋಸ್ ಸೆಟ್ಟಿಂಗಿನಲ್ಲಿ ‘ಕೀಪ್ ಒರಿಜಿನಲ್ಸ್’ ಆರಿಸಿ. ‘ಆಟೊಮ್ಯಾಟಿಕ್’ ಇದ್ದರೆ ಫೋನೇ ಬದಲಿಸಿ ಕಳಿಸಬಹುದು. ಪೆನ್ ಡ್ರೈವಿನಿಂದ ಕೆಂಪು ಕೆಂಪಾಗಿ ಬಂತಾ? ಹಾಗಾದರೆ ಟಿವಿ ನಿರಪರಾಧಿ.

ಆಮೇಲೆ ಬ್ರೌಸರ್ ಬಿಡಿ. ನನ್ನ ಮಟ್ಟಿಗೆ ಅರ್ಧ ತೊಂದರೆಗೆ ಅದೇ ಮೂಲ. ಬ್ರೌಸರ್ ಎಲ್ಲ ಬಗೆಯ ವಿಡಿಯೊ ಓಡಿಸಲಾರದು. ಓಡಿಸಲಾಗದ್ದನ್ನು ‘ಬದಲಿಸಿ ಕೊಡು’ ಎಂದು ಸರ್ವರನ್ನು ಕೇಳುತ್ತದೆ. ಟಿವಿಗೆ ಜೆಲ್ಲಿಫಿನ್ ಆ್ಯಪನ್ನೇ ಹಾಕಿ. ಅದರೊಳಗೆ ಗುಣಮಟ್ಟವನ್ನು ಗರಿಷ್ಠಕ್ಕೆ ಇಡಿ. ವಿಡಿಯೊ ಓಡುವಾಗ ಸರ್ವರಿನ ಡ್ಯಾಶ್‌ಬೋರ್ಡ್ ತೆರೆದು ನೋಡಿ. ‘ಡೈರೆಕ್ಟ್ ಪ್ಲೇ’ (ಫೈಲ್ ಇದ್ದ ಹಾಗೇ ಹೋಗುತ್ತಿದೆ) ಎಂದು ಬಂದರೆ ಗೆದ್ದಿರಿ. ‘ರೀಮಕ್ಸ್’ ಎಂದು ಬಂದರೂ ಗಾಬರಿ ಬೇಡ. ಚೀಲ ಬದಲಾಗಿದೆ, ಕಾಯಿ ಅದೇ. ವಿಡಿಯೊ ಟ್ರಾನ್ಸ್‌ಕೋಡ್ ಆಗುತ್ತಿದ್ದರೆ ಕಾರಣವನ್ನೂ ಅಲ್ಲೇ ಬರೆದಿರುತ್ತದೆ. ಓದದೆ ಮುಚ್ಚಬೇಡಿ.

ಉಳಿದದ್ದು ವೈಫೈ. ಸೆಕೆಂಡಿಗೆ 60 ಫ್ರೇಮಿನ 4ಕೆ ವಿಡಿಯೊ ನಿಮಿಷಕ್ಕೆ ಸುಮಾರು 400 ಎಂಬಿ ತಿನ್ನುತ್ತದೆ. ಅಂದರೆ ಸೆಕೆಂಡಿಗೆ 50 ಮೆಗಾಬಿಟ್ ದಾಟುತ್ತದೆ. ಉಣಕಲ್ಲಿನ ನಮ್ಮ ಮನೆಯದು ಕಲ್ಲಿನ ಗೋಡೆ. 2.4 ಗಿಗಾಹರ್ಟ್ಸ್ ವೈಫೈ ನಡುಮನೆಯಿಂದ ಪಡಸಾಲೆಗೆ ಬರುವಷ್ಟರಲ್ಲೇ ಸುಸ್ತು. ಕೊನೆಗೆ ಕೇಬಲ್ ಎಳೆದೆ, ಗೋಡೆಗೆ ತೂತು ಕೊರೆದದ್ದಕ್ಕೆ ಮನೆಯಲ್ಲಿ ಬೈಸಿಕೊಂಡೆ. ಎಷ್ಟೋ ಟಿವಿಗಳ ಲ್ಯಾನ್ ಕಿಂಡಿ 100 ಮೆಗಾಬಿಟ್‌ನದು. ನಿಮ್ಮ ವಿಡಿಯೊಗೆ ಅಷ್ಟು ಧಾರಾಳ.

ಹಳೆ ಟಿವಿ, ಹಳೆ ಫೋನುಗಳಲ್ಲೂ ನೋಡಬೇಕು ಅಂದರೆ ಮಾತ್ರ ಸರ್ವರ್ ಬದಲಿಸಿಯೇ ಕೊಡಬೇಕು. ಆಗ ಜೆಲ್ಲಿಫಿನ್ನಿನಲ್ಲಿ ಟೋನ್ ಮ್ಯಾಪಿಂಗ್ ಹಾಕಿಕೊಳ್ಳಿ. ಅದು ಬಣ್ಣ, ಬೆಳಕನ್ನು ಲೆಕ್ಕ ಹಾಕಿ ಹಳೆ ಅಳತೆಗೆ ಇಳಿಸುತ್ತದೆ. ಆದರೆ ನಿಮ್ಮ ಈ ಕಂಪ್ಯೂಟರಿಗೆ ಆ ಕೆಲಸ ಹೇಳಬೇಡಿ. 7ನೇ ತಲೆಮಾರಿನದೋ ಅದಕ್ಕಿಂತ ಹೊಸದೋ ಸೆಕೆಂಡ್ ಹ್ಯಾಂಡ್ ಸಿಕ್ಕಿದರೆ ಸಾಕು, ಟಿವಿಗಿಂತ ಎಷ್ಟೋ ಅಗ್ಗ.

ಪ್ರಶ್ನೆ: ಒಂದು ಡಾಲ್ಬಿ ವಿಷನ್ ಡೆಮೊ ವಿಡಿಯೊ ನಮ್ಮ ಟಿವಿಯಲ್ಲಿ ಪೂರ್ತಿ ಹಸಿರು, ನೇರಳೆ. ಪ್ಯಾನೆಲ್ ಹೋಯಿತೇ?
– ಓದುಗರು, ಸಪ್ತಾಪುರ, ಧಾರವಾಡ

ಉತ್ತರ: ಬೇರೆ ವಿಡಿಯೊ ಸರಿ ಕಾಣುತ್ತಿದ್ದರೆ ಪ್ಯಾನೆಲ್ ಗಟ್ಟಿಯಾಗಿದೆ. ಅದು ಬಹುಶಃ ಡಾಲ್ಬಿ ವಿಷನ್‌ನ ಒಳಬಗೆಗಳಲ್ಲಿ ಒಂದಾದ ಪ್ರೊಫೈಲ್ 5ರ ಫೈಲ್. ಅದರಲ್ಲಿ ಬಣ್ಣವನ್ನು ಬರೆದಿಡುವ ಪದ್ಧತಿಯೇ ಬೇರೆ. ಡಾಲ್ಬಿ ವಿಷನ್ ಬಾರದ ಟಿವಿಗೆ ಹಿಡಿದುಕೊಳ್ಳಲು ಎಚ್‌ಡಿಆರ್10 ಎಂಬ ಸಾಮಾನ್ಯ ಎಚ್‌ಡಿಆರ್ ಬಗೆಯ ತಳಪಾಯವೂ ಇರುವುದಿಲ್ಲ. ಸ್ಯಾಮ್ಸಂಗ್ ಟಿವಿಗಳಲ್ಲಿ ಡಾಲ್ಬಿ ವಿಷನ್ ಇಲ್ಲ, ನಿಮ್ಮದು ಅದೇನಾ? ತಳಪಾಯ ಇರುವ ಪ್ರೊಫೈಲ್ 8ರ ಫೈಲ್ ಸಿಕ್ಕಿದರೆ ಹಾಕಿ ನೋಡಿ. ಪಿಕ್ಚರ್ ಸೆಟ್ಟಿಂಗನ್ನು ಸುಮ್ನೆ ತಿರುವಬೇಡಿ, ಅದರಿಂದ ಇದು ಹೋಗಲ್ಲ.

ಪ್ರಶ್ನೆ: ಈ ರಗಳೆಯೇ ಬೇಡ ಅಂತ ಐಫೋನಿನಲ್ಲಿ ಎಚ್‌ಡಿಆರ್ ಆಫ್ ಮಾಡಿದರೆ?
– ಓದುಗರು, ಬೆಟಗೇರಿ

ಉತ್ತರ: ಮಾಡಬಹುದು. ಕ್ಯಾಮೆರಾ ಸೆಟ್ಟಿಂಗಿನ ‘ರೆಕಾರ್ಡ್ ವಿಡಿಯೊ’ ಒಳಗೆ ‘ಎಚ್‌ಡಿಆರ್ ವಿಡಿಯೊ’ ಗುಂಡಿ ಇದೆ. ಮದುವೆ ವಿಡಿಯೊ ಹತ್ತಾರು ಮನೆಗೆ, ಹತ್ತಾರು ಬಗೆಯ ಟಿವಿಗೆ ಹೋಗುವುದಾದರೆ ನಾನು ಆಫ್ ಮಾಡಿಯೇ ತೆಗೆಯುತ್ತೇನೆ. ಡಬ್ಬದ ಮೇಲೆ ಎಚ್‌ಡಿಆರ್ ಅಂತ ಬರೆದ ಅಗ್ಗದ ಟಿವಿಗಳಿಗೆ ಅದನ್ನು ತೋರಿಸುವಷ್ಟು ಬೆಳಕೇ ಇರಲ್ಲ. ನಿಮ್ಮ ಮನೆಯಲ್ಲಿ ಛಲೋ ಟಿವಿ ಇದ್ದು, ನೀವೇ ನೋಡುವುದಾದರೆ ಆನ್ ಇರಲಿ. ಆಗಲೇ ಎಚ್‌ಡಿಆರ್‌ನಲ್ಲಿ ತೆಗೆದದ್ದು ಈ ಗುಂಡಿಯಿಂದ ಬದಲಾಗದು, ಅದಕ್ಕೆ ಮೇಲಿನ ಬ್ಯಾಡಗಿಯವರಿಗೆ ಹೇಳಿದ್ದೇ ದಾರಿ.