ಆಫ್ರಿಕಾ ಮತ್ತು ಆಫ್ರಿಕನ್ ಡಯಾಸ್ಪೊರಾ ಇತಿಹಾಸದಲ್ಲಿ ಎಂ.ಎ. ಮಾಡಬಹುದಾ? ಅಲ್ಲಿ ಏನು ಓದಿಸುತ್ತಾರೆ?

ಧಾರವಾಡದಲ್ಲಿ ಇತಿಹಾಸ ಬಿ.ಎ. ಮುಗಿಸಿದ್ದೀರಿ, ಅಮೆರಿಕದಲ್ಲಿ ಈ ವಿಷಯಕ್ಕೆ ಸೀಟು ಸಿಕ್ಕಿದೆ, ಮನೆಯಲ್ಲಿ "ಅದನ್ನ ಓದಿ ಏನ್ ಮಾಡ್ತೀ?" ಅಂತಿದ್ದಾರೆ ಎಂದು ಬರೆದಿದ್ದೀರಿ. ನಾನು ಯಲ್ಲಾಪುರದ ಕಡೆಯವನು, ಇದೇ ವಿಷಯವನ್ನು ಅಲ್ಲೇ ಎರಡು ವರ್ಷ ಓದಿದವನು. ನಮ್ಮಪ್ಪ ಕೇಳಿದ್ದೂ ಇದೇ ಪ್ರಶ್ನೆ, ಸ್ವಲ್ಪ ಜೋರಾಗಿ.

ಡಯಾಸ್ಪೊರಾ ಅಂದರೆ ಆಫ್ರಿಕಾದಿಂದ ಹೊರಗೆ ಚದುರಿಹೋದ ಜನ, ಅವರ ಸಂತತಿ. ಮೊದಲು ವಿಭಾಗದ ಹೆಸರು ನೋಡಿ. ಆಫ್ರಿಕಾ ಖಂಡವನ್ನು ಓದುವ ಆಫ್ರಿಕನ್ ಸ್ಟಡೀಸ್ ಬೇರೆ, ಅಮೆರಿಕದ ಕಡೆಯ ಕಪ್ಪು ಜನರನ್ನು ಓದುವ ಬ್ಲ್ಯಾಕ್ ಸ್ಟಡೀಸ್ ಬೇರೆ. ಮೊದಲನೆಯದು ಆ ದೇಶದಲ್ಲಿ ದೊಡ್ಡದಾಗಿದ್ದು ಶೀತಲ ಸಮರದ ಕಾಲದಲ್ಲಿ. ಸರಕಾರಕ್ಕೆ ಪರದೇಶದ ಭಾಷೆ ಬಲ್ಲವರು ಬೇಕಿತ್ತು, 1958ರ ಕಾಯ್ದೆಯೊಂದು ದುಡ್ಡು ಕೊಟ್ಟಿತು. ಎರಡನೆಯದು ಮುಷ್ಕರದಿಂದ ಹುಟ್ಟಿದ್ದು. ಸ್ಯಾನ್ ಫ್ರಾನ್ಸಿಸ್ಕೊ ಸ್ಟೇಟ್ ಕಾಲೇಜಿನ ವಿದ್ಯಾರ್ಥಿಗಳು 1968ರ ನವೆಂಬರ್‌ನಲ್ಲಿ ಶುರುಮಾಡಿದ ಮುಷ್ಕರ ಮುಗಿದಿದ್ದು 1969ರ ಮಾರ್ಚಿನಲ್ಲಿ. ಒಂದರಲ್ಲಿ ಸ್ವಾಹಿಲಿ, ಹೌಸಾ ಭಾಷೆಗಳು, ಮಾಲಿಯ ಹಳೆಯ ಸಾಮ್ರಾಜ್ಯ ಹೆಚ್ಚು. ಇನ್ನೊಂದರಲ್ಲಿ ಗುಲಾಮಗಿರಿ, ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆ ಹಾರ್ಲೆಮ್, ಕೆರಿಬಿಯನ್ ದ್ವೀಪಗಳು. ಈಗ ಎಷ್ಟೋ ಕಡೆ ಎರಡನ್ನೂ ಕೂಡಿಸಿದ್ದಾರೆ. ಆದರೂ ಮೇಷ್ಟ್ರುಗಳ ಪಟ್ಟಿ ತೆಗೆದು ನೋಡಿದರೆ ತಕ್ಕಡಿ ಎತ್ತ ವಾಲಿದೆ ಅಂತ ಗೊತ್ತಾಗಿಬಿಡುತ್ತದೆ.

ಇನ್ನು ಪಾಠ. ಮೊದಲ ಸೆಮಿಸ್ಟರ್‌ನಲ್ಲಿ ನಮಗೆ 1860ರ ಜನಗಣತಿಯ ಒಂದು ಪುಟ ಕೊಟ್ಟರು. ಗುಲಾಮರನ್ನು ಬೇರೆಯೇ ಹಾಳೆಯಲ್ಲಿ ಎಣಿಸುತ್ತಿದ್ದರು. ಎಡಗಡೆ ಮಾಲೀಕನ ಹೆಸರು, ಚಂದದ ಕೈಬರಹ. ಪಕ್ಕದಲ್ಲಿ ಸಾಲು ಸಾಲು ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ. 35, ಹೆಣ್ಣು, ಕಪ್ಪು. 12, ಗಂಡು, ಕಪ್ಪು. 1, ಹೆಣ್ಣು, ಕಪ್ಪು. ಅವರ ಹೆಸರಿಗೆ ಕಾಲಮ್ಮೇ ಇಲ್ಲ. ಇದರಲ್ಲಿ ಒಂದು ಕುಟುಂಬ ಹುಡುಕಿಕೊಂಡು ಬನ್ನಿ ಅಂದರು. ಬಿಡುಗಡೆ ಆದಮೇಲಿನ ಮೊದಲ ಗಣತಿ 1870ರದ್ದು, ಅದರಲ್ಲಿ ಹೆಸರುಗಳಿವೆ. ಅದೇ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಪುಟಗಳನ್ನು ಒಂದು ವಾರ ತಡಕಾಡಿದೆ. 44 ವರ್ಷದ ಹೆಂಗಸು, ಅದೇ ಮನೆಯಲ್ಲಿ 11ರ ಹುಡುಗಿ ಸಿಕ್ಕರು. ಖುಷಿಯಲ್ಲಿ ತಾಯಿ-ಮಗಳು ಅಂತ ಬರೆದೆ. ಪ್ರೊಫೆಸರ್ ಕೆಂಪು ಮಸಿಯಲ್ಲಿ ಸುತ್ತುಹಾಕಿ, ಇದು ನಿನ್ನ ಆಸೆ, ಪುರಾವೆ ಅಲ್ಲ ಅಂತ ಬರೆದಿದ್ದರು. ಮನೆಯವರ ಸಂಬಂಧ ಏನೆಂದು ಗಣತಿಯಲ್ಲಿ ಬರೆಯಲು ಶುರುಮಾಡಿದ್ದೇ 1880ರಲ್ಲಂತೆ. ಎರಡು ವರ್ಷ ನಾನು ಕಲಿತಿದ್ದು ಬಹುಪಾಲು ಇದನ್ನೇ: ಯಜಮಾನ ಬರೆಸಿದ ಕಾಗದದಲ್ಲಿ ಆಳನ್ನು ಹುಡುಕುವುದು, ಸಿಗದಿದ್ದಾಗ ಸುಮ್ಮನಿರುವುದು. ಎರಡನೆಯದು ಕಷ್ಟ.

ಇನ್ನೊಂದು ವಿಷಯ, ಇಂಗ್ಲಿಷ್ ಒಂದಿದ್ದರೆ ಸಾಕು ಅಂದುಕೊಂಡು ಹೋಗಬೇಡಿ. ಆಫ್ರಿಕಾದಿಂದ ಗುಲಾಮರಾಗಿ ಅಟ್ಲಾಂಟಿಕ್ ದಾಟಿಸಲು ಹಡಗು ಹತ್ತಿಸಿದ್ದು ಸುಮಾರು 1 ಕೋಟಿ 25 ಲಕ್ಷ ಜನರನ್ನು. ಅದರಲ್ಲಿ ಬದುಕಿ ದಡ ಸೇರಿದವರು 1 ಕೋಟಿ 7 ಲಕ್ಷದಷ್ಟು. ಈಗಿನ ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ನೇರವಾಗಿ ಬಂದವರು 4 ಲಕ್ಷವೂ ಇಲ್ಲ. ಬ್ರೆಜಿಲ್‌ಗೆ ಹೋದವರು 45 ಲಕ್ಷಕ್ಕೂ ಮೇಲೆ. ಅಂದರೆ ಕಥೆಯ ದೊಡ್ಡ ಪಾಲು ಪೋರ್ಚುಗೀಸಿನಲ್ಲಿದೆ. ನಾನು ಕಲಿಯಲಿಲ್ಲ. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಯಾಕೆಂದರೆ ನಮ್ಮೂರಿನ ಕಥೆಯ ಕೀಲಿಯೂ ಅಲ್ಲೇ ಇದೆ. ಕ್ಲಾಸಿನಲ್ಲಿ ಬ್ರೆಜಿಲ್‌ನ ಹುಡುಗಿಯೊಬ್ಬಳು, ನಿಮ್ಮ ಕಡೆ ಸಿದ್ದಿ ಜನ ಇದ್ದಾರಂತಲ್ಲ, ಅವರ ಬಗ್ಗೆ ಹೇಳು ಅಂದಳು. ಐದನೇ ಕ್ಲಾಸಿನಿಂದ ಏಳರವರೆಗೆ ನನ್ನ ಬೆಂಚಿನಲ್ಲೇ ಒಬ್ಬ ಸಿದ್ದಿ ಹುಡುಗ ಕೂರುತ್ತಿದ್ದ. ಅವನು ಚೆನ್ನಾಗಿ ಓಡುತ್ತಾನೆ, ಮನೆಯಲ್ಲಿ ಕೊಂಕಣಿ ಬೆರೆಸಿ ಮಾತಾಡುತ್ತಾರೆ, ಅವರ ಡಮಾಮಿ ಕುಣಿತ ಜೋರು — ನನಗೆ ಗೊತ್ತಿದ್ದಿದ್ದು ಇಷ್ಟೇ. ಅವರ ಪೂರ್ವಿಕರಲ್ಲಿ ಹಲವರು ಆಫ್ರಿಕಾದಿಂದ ಗುಲಾಮರಾಗಿ ಬಂದು, ಪೋರ್ಚುಗೀಸರ ಗೋವಾದಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು ಅಂತ ಓದಿದ್ದು ಅಲ್ಲಿ ಹೋದಮೇಲೆ. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ, ಕೊನೆಗೆ ಅಹಮದ್‌ನಗರದ ರಾಜ್ಯವನ್ನೇ ನಡೆಸಿ 1626ರಲ್ಲಿ ತೀರಿಕೊಂಡ ಮಲಿಕ್ ಅಂಬರ್, ನಮ್ಮದೇ ವಿಜಯಪುರದ ಆದಿಲ್‌ಶಾಹಿ ದರ್ಬಾರಿನಲ್ಲಿ ಮಂತ್ರಿಯಾಗಿದ್ದ, ಆಫ್ರಿಕಾ ಮೂಲದವನೇ ಆದ ಇಖ್ಲಾಸ್ ಖಾನ್, ಇವರ ಬಗ್ಗೆ ಓದಿದ್ದೂ ಅಲ್ಲೇ. ಗೋಳಗುಮ್ಮಟಕ್ಕೆ ಶಾಲೆಯಿಂದ ಟ್ರಿಪ್ ಹೋಗಿದ್ದೆವು, ಯಾರೂ ಹೇಳಿರಲಿಲ್ಲ.

ದುಡ್ಡಿನ ವಿಷಯ ನೇರವಾಗಿ ಹೇಳುತ್ತೇನೆ. ಅಲ್ಲಿ ಪಿಎಚ್.ಡಿ.ಗೆ ಸಾಮಾನ್ಯವಾಗಿ ಫೀಜು ಮಾಫಿ ಮಾಡಿ ಖರ್ಚಿಗೂ ಕೊಡುತ್ತಾರೆ, ಬರೀ ಎಂ.ಎ.ಗೆ ಎಷ್ಟೋ ಕಡೆ ಏನೂ ಇಲ್ಲ. ಜಮೀನು ಅಡವಿಟ್ಟು ಹೋಗಬೇಡಿ. ದೆಹಲಿ ವಿಶ್ವವಿದ್ಯಾಲಯದಲ್ಲಿ 1955ರಿಂದ, ಮುಂಬೈಯಲ್ಲಿ 1971ರಿಂದ ಆಫ್ರಿಕಾ ಅಧ್ಯಯನ ನಡೆದುಬಂದಿದೆ, ಅದನ್ನೂ ವಿಚಾರಿಸಿ. ಓದು ಮುಗಿದಮೇಲೆ ಕೆಲಸ ಸಿಗಲು ನನಗೆ ಹನ್ನೊಂದು ತಿಂಗಳು ಹಿಡಿಯಿತು. ಈಗ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡಿ ಪಟ್ಟಿ ಮಾಡುವ ಕಡೆ ಇದ್ದೇನೆ, ಸಂಬಳ ಸಾಫ್ಟ್‌ವೇರ್‌ನವರ ಮುಂದೆ ಹೇಳುವಂಥದ್ದಲ್ಲ.

ಸೀಟು ಕೊಟ್ಟವರಿಗೆ ಇವತ್ತೇ ಒಂದು ಮೇಲ್ ಹಾಕಿ. ಸ್ಕಾಲರ್‌ಶಿಪ್ ಎಷ್ಟು ಅಂತ ಹೇಗೂ ಕೇಳುತ್ತೀರಿ. ಜೊತೆಗೆ ಪೋರ್ಚುಗೀಸ್ ಕ್ಲಾಸಿನ ಫೀಜೂ ಅದರಲ್ಲಿ ಸೇರಿದೆಯಾ ಅಂತ ಕೇಳಿ.